ಯಾವ ಕೂಸಿನ ಉಸಿರು

ಪರದೆಯ ಮೇಲಿನ ಗೆರೆಗಳೆಲ್ಲ ಇವತ್ತು ಹಸಿರಾಗಿಯೇ ಇರಬೇಕು ಎಂದು ಪ್ರೊಫೆಸರ್ ಸಿದ್ದಮಲ್ಲಪ್ಪನವರು ಬೆಳಿಗ್ಗೆಯಿಂದ ಒಂದೇ ರಾಗ ಹಾಡುತ್ತಿದ್ದರು. ಬ್ರಶ್ ತಂದು ಬಳಿದುಬಿಡಲೇ ಎಂದು ಕೇಳುವಷ್ಟು ಸಿಟ್ಟು ನನಗೆ. ಆದರೆ ಅವರು ಗೈಡ್, ನಾನು ಅವರ ಕೈಕೆಳಗಿನ ಪ್ರಾಜೆಕ್ಟ್ ಎಂಜಿನಿಯರ್. ಹಾಗಾಗಿ ಸ್ವಲ್ಪ ಮೆತ್ತಗೆ ಕೇಳಿದೆ.

"ಇವತ್ತೊಂದಿನ ಸರಿಯಾಗಿ ಉಸಿರಾಡ್ರಪ್ಪಾ ಅಂತ ಕೂಸುಗಳಿಗೆ ಹೇಳಿ ಕಳಿಸಲಾ ಸರ್?"

"ನಂದಿತಾ, ತಮಾಷೆ ಬೇಡ. ಗೆಸ್ಟ್‌ಗಳು ಸೇತುವೆ ಹತ್ರ ಬಂದಾಯ್ತಂತೆ."

ನಂಜನಗೂಡಿನಲ್ಲಿ ಯೋಜನೆಗೆಂದು ಬಾಡಿಗೆಗೆ ಹಿಡಿದ ಮಹಡಿ ಮನೆ ಅದು. ನಮ್ಮ ಎಂಜಿನಿಯರಿಂಗ್ ವಿಶ್ವವಿದ್ಯಾನಿಲಯವೂ ಇನ್ನೊಂದು ವೈದ್ಯಕೀಯ ವಿಶ್ವವಿದ್ಯಾನಿಲಯವೂ ಕೈಜೋಡಿಸಿ ಬಯೋಮೆಡಿಕಲ್ ಎಂಜಿನಿಯರಿಂಗ್ ವಿಭಾಗ ತೆರೆದು ಎರಡು ವರ್ಷವಾಗಿತ್ತು. ಒಪ್ಪಂದ ಮುಗಿಯುತ್ತಾ ಬಂದಿತ್ತು. ಎರಡೂ ಕಡೆಯ ದೊಡ್ಡವರು ಆ ದಿನ ಬರುವವರಿದ್ದರು. ಜೊತೆಗೆ ಸೇರಿಕೊಳ್ಳಲು ಮನಸ್ಸು ಮಾಡಿದ್ದ ಜರ್ಮನಿಯ ಒಂದು ವಿಶ್ವವಿದ್ಯಾನಿಲಯದಿಂದ ಇಬ್ಬರು. ನಮ್ಮ ಕೆಲಸ ಕಣ್ಣಾರೆ ನೋಡಿ, ಹಿಡಿಸಿದರೆ ಮಧ್ಯಾಹ್ನ ಮೈಸೂರಿನಲ್ಲಿ ಊಟ ಮಾಡಿ, ಮುಂದಿನ ಐದು ವರ್ಷಕ್ಕೆ ಸಹಿ ಹಾಕುವುದೆಂದು ತೀರ್ಮಾನ.

ನಮ್ಮ ಕೆಲಸವೆಂದರೆ ಒಂದು ಬೆಲ್ಟ್. ಎರಡು ಬೆರಳಗಲದ ಹತ್ತಿ ಪಟ್ಟಿ. ತೂಕ ಕಡಿಮೆ ಹುಟ್ಟಿದ ಕೂಸಿನ ಹೊಟ್ಟೆಗೆ ಸುತ್ತಿದರೆ ಅದರ ಉಸಿರನ್ನೂ ಎದೆಬಡಿತವನ್ನೂ ನೋಡಿಕೊಳ್ಳುತ್ತಾ ಇರುತ್ತದೆ. ಇಂಥ ಕೂಸುಗಳು ನಿದ್ದೆಯಲ್ಲಿ ಒಮ್ಮೊಮ್ಮೆ ಉಸಿರಾಡುವುದನ್ನೇ ನಿಲ್ಲಿಸಿಬಿಡುತ್ತವೆ. ನಿಲ್ಲಿಸಿದರೆ ಮನೆಯಲ್ಲಿಟ್ಟ ಒಂದು ಸಣ್ಣ ಡಬ್ಬಿಯಿಂದ ಆ ಊರಿನ ಆಶಾ ಕಾರ್ಯಕರ್ತೆಯ ಫೋನಿಗೂ ನನ್ನ ಪರದೆಗೂ ಸುದ್ದಿ ಬರುತ್ತದೆ. ಡಬ್ಬಿಯೇ ಮನೆಯಲ್ಲಿ ಜೋರಾಗಿ ಕೂಗಿಕೊಳ್ಳುವ ಹಾಗೆ ನಾನು ಮೊದಲು ಮಾಡಿದ್ದೆ. ಬಾಣಂತಿಯರು ಗಾಬರಿಯಾಗುತ್ತಾರೆ ಎಂದು ಜಂಟಿ ಸಮಿತಿ ಆ ಸದ್ದನ್ನು ತೆಗೆಸಿತು. ಆ ಸಮಿತಿಯಲ್ಲಿದ್ದವರಲ್ಲಿ ಒಬ್ಬರೂ ಹೆತ್ತವರಲ್ಲ, ಎಲ್ಲ ಗಂಡಸರೇ.

ಬೆಲ್ಟಿನಿಂದ ನಿಜಕ್ಕೂ ಉಪಯೋಗವಿದೆಯೇ ಎಂದು ತಿಳಿಯಬೇಕಾದರೆ ಹೋಲಿಸಿ ನೋಡಬೇಕು, ಅದನ್ನು ನಾನೂ ಒಪ್ಪುತ್ತೇನೆ. ಅದಕ್ಕೆಂದು ಎರಡು ವಿಶ್ವವಿದ್ಯಾನಿಲಯಗಳು ತಾಲ್ಲೂಕು ಹಂಚಿಕೊಂಡಿದ್ದವು. ನಂಜನಗೂಡು ನಮ್ಮದು, ಇಲ್ಲಿನ ಸಣ್ಣ ಕೂಸುಗಳಿಗೆ ಬೆಲ್ಟ್. ಟಿ. ನರಸೀಪುರ ವೈದ್ಯಕೀಯದವರದು. ಅಲ್ಲಿ ಬೆಲ್ಟ್ ಇಲ್ಲ, ಎಂದಿನ ಹಾಗೆ ಆಶಾ ಭೇಟಿ, ಆಮೇಲೆ ಅವರ ಕಡೆಯ ಡಾಕ್ಟರ್ ಹೇಮಂತ್ ಮನೆಮನೆಗೆ ಹೋಗಿ ಕೂಸನ್ನು ನೋಡಿ ಬರೆದುಕೊಳ್ಳುವುದು. ನಮ್ಮ ಬೆಲ್ಟ್ ಅವರ ತಾಲ್ಲೂಕಿಗೆ ಕಾಲಿಡಬಾರದು. ಬೆಲ್ಟ್ ಕಟ್ಟಿದ ಕೂಸು ತಾಲ್ಲೂಕು ಬಿಟ್ಟರೆ ಬೆಲ್ಟ್ ವಾಪಸ್ ತರಬೇಕು, ಕೂಸನ್ನು ಅಧ್ಯಯನದಿಂದ ಬಿಡಬೇಕು. ಇದು ಒಪ್ಪಂದದ ಮಾತು.

ಅತಿಥಿಗಳ ಕಾರು ಕೆಳಗೆ ಬಂದು ನಿಂತ ಸದ್ದಾಯಿತು. ಪ್ರೊಫೆಸರು ಕೋಟಿನ ಗುಂಡಿ ಹಾಕಿಕೊಳ್ಳುತ್ತಿದ್ದರು. ಆಗ ಕವಲಂದೆಯ ಒಂದು ಕೂಸಿನ ಗೆರೆ ಕೆಂಪಾಯಿತು.

ತಾಯಿ ಕೋಮಲ, ಮೊದಲ ಕೂಸು, ಹೆಣ್ಣು. ಕೆಂಪಾದದ್ದೆಲ್ಲ ಅಪಾಯವೇ ಆಗಬೇಕಿಲ್ಲ. ಅಜ್ಜಿಯರು ನೀರು ಹಾಕಲು ಬೆಲ್ಟ್ ಬಿಚ್ಚಿ ಸಡಿಲ ಕಟ್ಟಿದರೂ ಕೆಂಪಾಗುತ್ತದೆ. ಆಗ ಎದೆಬಡಿತವೂ ಕಾಣುವುದಿಲ್ಲ, ಗೊತ್ತಾಗಿಬಿಡುತ್ತದೆ. ಇದರಲ್ಲಿ ಎದೆ ಬಡಿದುಕೊಳ್ಳುತ್ತಿತ್ತು. ಉಸಿರು ಮಾತ್ರ ನಿಂತಿತ್ತು. ನೋಡುತ್ತಿದ್ದ ಹಾಗೆ ಮತ್ತೆ ಒಂದಷ್ಟು ಸಣ್ಣ ಅಲೆ ಬಂತು, ಮತ್ತೆ ನಿಂತಿತು.

ಕವಲಂದೆಯ ಆಶಾ ಕಾರ್ಯಕರ್ತೆ ಸಿಂಧುಗೆ ಫೋನ್ ಮಾಡಿದೆ.

"ಸಿಂಧು, ಕೋಮಲನ ಮನೆಗೆ ಓಡು. ಕೂಸು ಉಸಿರು ನಿಲ್ಲಿಸ್ತಾ ಇದೆ."

ಆ ಕಡೆ ಬಾಗಿಲು ಎಳೆದುಕೊಂಡ ಸದ್ದು.

"ಸಿಂಧು!"

"ಅಕ್ಕಾ, ಅವ್ಳು ಇಲ್ಲಿಲ್ಲ ಕಣಕ್ಕ. ತವ್ರಿಗೆ ಓಗವ್ಳೆ, ಬಾಣಂತನಕ್ಕೆ. ಓದ ವಾರ ಅವ್ರವ್ವ ಬಂದು ಕರ್ಕೊಂಡೋದ್ರು."

"ಬೆಲ್ಟು?"

"ಅದ್ರ ಸಮೇತಾನೇ, ಡಬ್ಬೀನೂ ತಕ್ಕೊಂಡೋಗವ್ರೆ. ನಿಮ್ಗೆ ಏಳುದ್ರೆ ಕಿತ್ಕೊಬತ್ತೀರಾ ಅಂತ ಏಳ್ನಿಲ್ಲ. ಬೈಬೇಡಿ ಅಕ್ಕ."

"ಬೈಯೋದು ಆಮೇಲೆ. ತವರು ಯಾವೂರು?"

"ಮುಡುಕುತೊರೆ."

ಮುಡುಕುತೊರೆ ನರಸೀಪುರ ತಾಲ್ಲೂಕು. ನಾನು ಕಳಲೆಯಲ್ಲಿ ಹುಟ್ಟಿ ಬೆಳೆದವಳು. ಪ್ರೊಫೆಸರು ಇದೇ ಜಿಲ್ಲೆಯವರು, ಹೇಮಂತ್ ಕೂಡ. ಇಷ್ಟೂ ಜನ ಸೇರಿ, ಚೊಚ್ಚಿಲ ಬಾಣಂತನ ತವರಿನಲ್ಲಿ ಆಗುತ್ತದೆ, ಹೆಣ್ಣು ಕೊಟ್ಟ ಊರಿಗೂ ತಂದ ಊರಿಗೂ ನಡುವೆ ತಾಲ್ಲೂಕಿನ ಗಡಿ ಇರುತ್ತದೆ ಎಂಬುದನ್ನೇ ಮರೆತು ಕೂಸುಗಳನ್ನು ಹಂಚಿಕೊಂಡಿದ್ದೆವು. ನಮ್ಮವ್ವನಿಗೆ ಹೇಳಿದರೆ ಮುಖಕ್ಕೆ ಉಗಿಯುತ್ತಾಳೆ.

"ಮುಡುಕುತೊರೇನಾ?" ಪ್ರೊಫೆಸರ ದನಿ ಇಳಿಯಿತು. "ಅದು ಹೇಮಂತ್ ಸೈಡು. ಅಲ್ಲಿ ನಮ್ಮ ಬೆಲ್ಟ್ ಇದೆ ಅಂತ ಈಗ ಇವರ ಮುಂದೆ ಗೊತ್ತಾದರೆ ಎರಡು ವರ್ಷದ ಕೆಲಸ ಮಣ್ಣುಪಾಲು. ಇದನ್ನ ನಾಯ್ಸ್, ಸುಳ್ಳು ಸೂಚನೆ ಅಂತ ಮಾರ್ಕ್ ಮಾಡು, ಪರದೆಯಿಂದ ಹೋಗುತ್ತೆ."

"ಕೂಸು ಹೋಗುತ್ತೆ ಸರ್."

"ಬೆಲ್ಟ್ ಸಡಿಲ ಆಗಿರುತ್ತೆ ನಂದಿತಾ. ಎಷ್ಟು ಸಲ ನೋಡಿಲ್ಲ ನಾವು?"

ಅವರು ಕೆಟ್ಟವರಲ್ಲ. ಈ ವಿಭಾಗ ಕಟ್ಟಲು ಬೆಂಗಳೂರು, ದೆಹಲಿ ಎಂದು ಚಪ್ಪಲಿ ಸವೆಸಿದವರು. ಆ ಕ್ಷಣದಲ್ಲಿ ಅವರಿಗೆ ಬೇಕಿದ್ದದ್ದು ಅದು ಸಡಿಲ ಬೆಲ್ಟ್ ಆಗಿರುವುದು. ನನಗೂ ಅದೇ ಬೇಕಿತ್ತು. ಬೇಕು ಅಂದಮಾತ್ರಕ್ಕೆ ಆಗಿಬಿಡುವುದಿಲ್ಲವಲ್ಲ.

ಕೋಮಲನ ಫೋನ್ ಸ್ವಿಚ್ ಆಫ್. ಬಾಣಂತಿ ಫೋನ್ ನೋಡಿದರೆ ಕಣ್ಣು ಹಾಳಾಗುತ್ತದೆಂದು ತಾಯಂದಿರು ಕಿತ್ತಿಟ್ಟುಕೊಳ್ಳುತ್ತಾರೆ. ಸಿಂಧು ಕೋಮಲನ ಅಣ್ಣನ ನಂಬರ್ ಕಳಿಸಿದಳು, ನಿಂಗರಾಜು ಅಂತ, ಆಟೋ ಓಡಿಸುತ್ತಾನೆ. ಬಾರಿಸಿದೆ. ಎತ್ತಲಿಲ್ಲ. ಮತ್ತೆ ಬಾರಿಸಿದೆ. ಅಷ್ಟರಲ್ಲಿ ಅತಿಥಿಗಳು ಮೆಟ್ಟಿಲು ಹತ್ತಿ ಒಳಗೇ ಬಂದರು, ಶಾಲು, ಹಾರ, ಸ್ವಾಗತ. ಗೆರೆ ಮತ್ತೆ ನಿಂತಿತು. ಈ ಸಲ ಮೊದಲಿಗಿಂತ ಹೆಚ್ಚು ಹೊತ್ತು ನಿಂತು, ಆಮೇಲೆ ಒಂದೆರಡು ಸಣ್ಣ ಅಲೆ.

"ಅಲೋ, ಯಾರು?"

"ನಿಂಗರಾಜು, ನಾನು ನಂಜನಗೂಡಿಂದ, ಬೆಲ್ಟಿನ ಕಡೆಯವಳು. ಮನೇಲಿದೀಯಾ?"

"ಕೊಟ್ಟಿಗೆ ತಾವಿವ್ನಿ ಮೇಡಂ. ಅಸಿಗೆ ಮೇವು..."

"ಮೇವು ಬಿಸಾಕು. ನಿನ್ನ ತಂಗಿ ಕೂಸಿನ ಹತ್ರ ಓಡು. ಫೋನ್ ಇಡಬೇಡ, ಸ್ಪೀಕರ್ ಹಾಕು."

ಓಡುವ ಸದ್ದು, ಬಾಗಿಲಿನ ಸದ್ದು, ಕೋಳಿಗಳ ಗಲಾಟೆ. ನನ್ನ ಫೋನನ್ನೂ ಸ್ಪೀಕರಿಗೆ ಹಾಕಿ ಮೇಜಿನ ಮೇಲಿಟ್ಟೆ. ಕೋಣೆಯಲ್ಲಿ ಹಾರ ಹಿಡಿದವರೆಲ್ಲ ನಮ್ಮ ಕಡೆ ತಿರುಗಿದರು. ಆಮೇಲೆ ಒಂದು ಹೆಣ್ಣುದನಿ, ಅಂಜಿಕೆಯದು.

"ಮೇಡಂ, ನಾನು ಕೋಮಲ. ಪಾಪು ಚೆನ್ನಾಗದೆ. ಆಲು ಕುಡೀತಾ ಅದೆ."

"ಕಣ್ಣಾರೆ ನೋಡಿ ಹೇಳ್ತಿದೀಯಾ?"

"ನನ್ನ ತೊಡೆ ಮ್ಯಾಲೇ ಅದೆ ಮೇಡಂ. ಕಾಲು ಒದೀತಾ ಅದೆ."

ಕುರ್ಚಿಯಲ್ಲಿ ಕೂತುಬಿಟ್ಟೆ. ಕಣ್ಣಲ್ಲಿ ನೀರು ಬಂತು, ಸುಳ್ಳೇಕೆ ಹೇಳಲಿ. ಪ್ರೊಫೆಸರು ದೊಡ್ಡದಾಗಿ ಉಸಿರು ಬಿಟ್ಟು, ಅತಿಥಿಗಳ ಕಡೆ ತಿರುಗಿ, ಇಂಥ ಸಣ್ಣ ಸುಳ್ಳು ಸೂಚನೆಗಳನ್ನು ಮುಂದಿನ ಹಂತದಲ್ಲಿ ಹೇಗೆ ಕಡಿಮೆ ಮಾಡುತ್ತೇವೆ ಎಂದು ಇಂಗ್ಲಿಷಿನಲ್ಲಿ ಶುರುಮಾಡಿದರು.

ಜರ್ಮನಿಯಿಂದ ಬಂದಿದ್ದ ಹೆಂಗಸು ಕೈಯೆತ್ತಿ ಅವರ ಮಾತು ನಿಲ್ಲಿಸಿದಳು. ಪರದೆಯ ಒಂದು ಮೂಲೆಗೆ ಬೆರಳು ತೋರಿಸಿದಳು. ಎದೆಬಡಿತ ಇಳಿಯುತ್ತಿತ್ತು. ಉಸಿರಿನ ಗೆರೆ ಮಟ್ಟಸವಾಗಿ ಬಿದ್ದಿತ್ತು. ಹಾಲು ಕುಡಿಯುತ್ತಾ ಕಾಲು ಒದೆಯುವ ಕೂಸಿನ ಗೆರೆ ಅಲ್ಲ ಅದು.

"ಕೋಮಲ, ಬಟ್ಟೆ ಎತ್ತು. ಹೊಟ್ಟೆ ಮೇಲೆ ಬೆಲ್ಟ್ ಇದೆಯಾ?"

ಬಟ್ಟೆಯ ಸರಸರ.

"ಇಲ್ಲ ಮೇಡಂ. ಅವ್ವಾ, ಬೆಲ್ಟೆಲ್ಲಿ? ನೀರುಯ್ದಾದ್ಮೇಲೆ ನೀನೇ ಅಲ್ವಾ ಕಟ್ಟಿದ್ದು?"

ಆಮೇಲೆ ಒಂದು ಮುದಿ ದನಿ, ಫೋನಿನಿಂದ ದೂರದಲ್ಲಿ.

"ಕೊಳೆ ಆಗಿತ್ತು. ಒಗ್ದು ಅಗ್ಗದ್ ಮ್ಯಾಲೆ ಆಕಿವ್ನಿ."

ಕೋಣೆಯಲ್ಲಿ ಕನ್ನಡ ಬಲ್ಲವರೆಲ್ಲ ನಕ್ಕರು. ಪ್ರೊಫೆಸರು ನನ್ನ ಭುಜ ತಟ್ಟಿ, "ನೋಡಿದೆಯಾ? ಬಟ್ಟೆ ಹಗ್ಗದ ಮೇಲಿದೆ," ಎಂದರು.

ನಾನು ನಗಲಿಲ್ಲ. ಒಗೆದು ಹಾಕಿದ ಬೆಲ್ಟಿಗೆ ಎದೆಬಡಿತ ಎಲ್ಲಿಂದ ಬರಬೇಕು? ಆ ಬೆಲ್ಟ್ ಒಂದು ಮೈಮೇಲಿತ್ತು. ಆ ಮೈ ಕೋಮಲನ ಕೂಸಿನದಲ್ಲ. ಅಜ್ಜಿ ಸುಳ್ಳು ಹೇಳುತ್ತಿದ್ದಳು. ಯಾಕೆ ಹೇಳುತ್ತಿದ್ದಾಳೆ ಎಂದು ನನಗೆ ತಕ್ಷಣ ಹೊಳೆಯಿತು, ಸಿಂಧು ಮುಚ್ಚಿಟ್ಟದ್ದೂ ಅದಕ್ಕೇ. ನಮ್ಮ ಬೆಲ್ಟನ್ನು ಕಂಡರೆ ಅವರಿಗೆ ಎಷ್ಟು ಆಸೆಯೋ ನಮ್ಮನ್ನು ಕಂಡರೆ ಅಷ್ಟೇ ಭಯ.

"ಅಜ್ಜಿ ಹೆಸರೇನು?" ಫೋನಿಗೆ ಪಿಸುಗುಟ್ಟಿದೆ.

"ರಾಚಮ್ಮ," ಅಂದ ನಿಂಗರಾಜು.

"ರಾಚವ್ವಾ, ಇಲ್ಲಿ ಕೇಳು. ನಾನು ಕಳಲೆ ಮಗಳು. ಬೆಲ್ಟು ಯಾವ ಕೂಸಿನ ಮ್ಯಾಲಿದೆ ಹೇಳು. ನಿನ್ನ ಯಾರೂ ಬೈಯಲ್ಲ."

"ಅಗ್ಗದ್ ಮ್ಯಾಲೆ..."

"ಸುಳ್ಳು ಹೇಳ್ಬೇಡ ಕಣವ್ವಾ!" ಕಿರುಚಿಬಿಟ್ಟೆ. "ನಂಜುಂಡಪ್ಪನಾಣೆ ಇಟ್ಟು ಹೇಳ್ತೀನಿ, ಬೆಲ್ಟ್ ನಿಮ್ಮನೇಲೇ ಇರುತ್ತೆ. ನಾನಂತೂ ಕಿತ್ಕೊಳಲ್ಲ. ಆ ಕೂಸು ಉಸಿರಾಡ್ತಾ ಇಲ್ಲ. ಯಾವುದಕ್ಕೆ ಕಟ್ಟಿದೀಯಾ ಹೇಳು!"

"ಅಯ್ಯೋ, ನಯನನ ಕೂಸ್ಗೆ ಕಟ್ಟಿವ್ನಿ! ಲೇ ನಿಂಗ, ಒಳ್ಗೆ ಓಗ್ಲಾ!"

ನಯನ ಹಿರಿಯ ಮಗಳು ಎಂದು ಆಮೇಲೆ ತಿಳಿಯಿತು. ಅವಳನ್ನು ಕೊಟ್ಟದ್ದು ನರಸೀಪುರ ತಾಲ್ಲೂಕಿನೊಳಗೇ. ಇಬ್ಬರೂ ಒಂದೇ ತಿಂಗಳಲ್ಲಿ ಹೆತ್ತು, ಒಂದೇ ಮನೆಯಲ್ಲಿ ಬಾಣಂತನಕ್ಕೆ ಬಂದಿದ್ದರು. ಅವಳ ಗಂಡುಕೂಸೂ ತೂಕ ಕಡಿಮೆಯದೇ. ಆದರೆ ಅದು ಹೇಮಂತರ ಪಾಲಿನ ಕೂಸು, ಬೆಲ್ಟ್ ಇಲ್ಲದವುಗಳಲ್ಲಿ ಒಂದು.

ಬಾಗಿಲು ದೂಡಿದ ಸದ್ದು. ನಿಂಗರಾಜು ಕೆಮ್ಮತೊಡಗಿದ.

"ಒಗೆ ಮೇಡಂ, ಸಾಂಬ್ರಾಣಿ ಒಗೆ. ಅಕ್ಕ ಕಂಬ್ಳಿ ಒದ್ಕೊಂಡು ಮಲ್ಗವ್ಳೆ."

ಬಾಣಂತಿಗೆ ಬಿಸಿನೀರು ಹೊಯ್ದು, ಬೆವರಲಿ ಎಂದು ಕಂಬಳಿ ಹೊದಿಸಿ, ಬಾಗಿಲು ಮುಚ್ಚಿ ಸಾಂಬ್ರಾಣಿ ಹಾಕಿ ಮಲಗಿಸಿದ್ದರು. ಎಲ್ಲ ಮನೆಯಲ್ಲೂ ಹಾಗೇ. ಪಕ್ಕದಲ್ಲೇ ತೊಟ್ಟಿಲು.

"ಕೂಸನ್ನ ಎತ್ತಿ ಗಾಳಿಗೆ ತಾ. ಹೇಗಿದೆ?"

"ತುಟಿ ನೀಲಿ ಮೇಡಂ. ಕೈಕಾಲು ಜೋತಾಡ್ತಾವೆ." ಗಂಡಸು ಅಳುತ್ತಿದ್ದ. ಹಿಂದೆ ನಯನನ ಚೀರಾಟ ಕೇಳಿಸಿತು. "ನನ್ ಮಗ, ಕೊಡ್ಲಾ ನನ್ ಮಗನ್ನ!"

"ಯಾರೂ ಅಲ್ಲಾಡಿಸಬೇಡಿ! ನಿಂಗರಾಜು, ನೆಲದ ಮೇಲೆ ಮಲಗಿಸು. ಪಾದಕ್ಕೆ ಬೆರಳಲ್ಲಿ ಹೊಡಿ. ಹೊಡಿ, ನೋವಾಗಲಿ. ಬೆನ್ನು ಉಜ್ಜು."

ಗೆರೆ ಅಲುಗಲಿಲ್ಲ. ಎದೆಬಡಿತ ಇನ್ನೂ ಇಳಿಯಿತು.

"ಆಯ್ತಿಲ್ಲ ಮೇಡಂ."

"ಮೂಗು ಒರೆಸು. ಈಗ ಅದರ ಮೂಗು ಬಾಯಿ ಎರಡರ ಮೇಲೂ ನಿನ್ನ ಬಾಯಿ ಮುಚ್ಚು. ಮೆಲ್ಲಗೆ ಊದು. ಕೆನ್ನೆಯೊಳಗಿನ ಗಾಳಿ ಸಾಕು. ಎದೆ ಏಳುತ್ತಾ ನೋಡು. ಬಿಡು. ಮತ್ತೆ ಊದು."

ಊದುವ ಸದ್ದು ಸ್ಪೀಕರಿನಲ್ಲಿ ಬರುತ್ತಿತ್ತು, ಪರದೆಯ ಮೇಲೆ ಆ ಒಂದೊಂದು ಊದಿಗೂ ಗೆರೆ ಗುಡ್ಡವಾಗಿ ಏಳುತ್ತಿತ್ತು. ಅದು ಅವನ ಉಸಿರು, ಕೂಸಿನದಲ್ಲ. ಒಂದು ಗುಡ್ಡ, ಮಟ್ಟಸ. ಇನ್ನೊಂದು ಗುಡ್ಡ, ಮಟ್ಟಸ. ಪ್ರೊಫೆಸರು ಕುರ್ಚಿಯ ಬೆನ್ನನ್ನು ಎರಡೂ ಕೈಯಲ್ಲಿ ಹಿಡಿದಿದ್ದರು. ನಾನು ನಂಜುಂಡಪ್ಪನನ್ನು ಬೈಯುತ್ತಿದ್ದೆ, ಬೇಡುತ್ತಿದ್ದೆ, ಎರಡೂ ಮಾಡುತ್ತಿದ್ದೆ.

ಗುಡ್ಡಗಳ ನಡುವೆ ಒಂದು ಸಣ್ಣ ಉಬ್ಬು ಬಂತು. ಅದು ಅವನು ಊದಿದ್ದಲ್ಲ.

ಆಮೇಲೆ ಅಳು, ಸೊರಗಿದ, ಗೊರಗೊರ ಅಳು. ಮುಡುಕುತೊರೆಯ ಆ ಮನೆಯಲ್ಲಿ ಎಲ್ಲರೂ ಒಟ್ಟಿಗೆ ಅಳತೊಡಗಿದರು. ನಾನು ಮೇಜಿನ ಮೇಲೆ ತಲೆ ಇಟ್ಟೆ, ಆಮೇಲೆ ಎತ್ತಿದೆ. ಮುಗಿದಿರಲಿಲ್ಲ. ಮತ್ತೆ ನಿಲ್ಲಬಹುದಿತ್ತು.

"ನಿಂಗರಾಜು, ಆಟೋ ತೆಗಿ. ಕೂಸನ್ನ ಯಾರ ಕೈಯಲ್ಲಾದರೂ ಕೊಟ್ಟು, ಮುಖಾನೇ ನೋಡ್ತಾ ಇರಬೇಕು ಅಂತ ಹೇಳು. ನಿಂತರೆ ಹಾಗೇ ಊದಬೇಕು. ತಲಕಾಡಿಗೆ 108 ಬರೋ ಹಾಗೆ ಮಾಡ್ತೀನಿ. ಅಲ್ಲಿಂದ ನೇರ ನರಸೀಪುರದ ಆಸ್ಪತ್ರೆ."

ಫೋನ್ ಮಾಡುತ್ತಲೇ ಮೆಟ್ಟಿಲಿಗೆ ಓಡಿದೆ. ಪ್ರೊಫೆಸರು ಹಿಂದೆಯೇ ಬಂದರು.

"ಎಲ್ಲಿಗೆ?"

"ಬೆಲ್ಟ್ ತರೋದಕ್ಕೆ ಸರ್."

ಬಾಯಿಗೆ ಬಂದದ್ದು ಅಷ್ಟೇ. ಅವರ ಮುಖ ಒಂದಿಷ್ಟು ಸಡಿಲವಾಯಿತು. "ಹೌದು. ಅದನ್ನ ತಂದುಬಿಡು. ಮಿಕ್ಕಿದ್ದು ನಾನು ನೋಡ್ಕೋತೀನಿ," ಎಂದರು.

ಅತಿಥಿಗಳಿಗೆಂದು ಗೊತ್ತುಮಾಡಿದ್ದ ಕಾರಿನಲ್ಲಿ ಹೋಗಿ ಕೂತೆ. ಡ್ರೈವರ್ ಚಿಕ್ಕಸ್ವಾಮಿ ಒಮ್ಮೆ ಮಹಡಿಯ ಕಡೆ ನೋಡಿದ, ಒಮ್ಮೆ ನನ್ನ ಮುಖ ನೋಡಿದ, ಏನೂ ಕೇಳದೆ ಗಾಡಿ ಎತ್ತಿದ.

ದಾರಿಯಲ್ಲಿ ಹೇಮಂತರಿಗೆ ಫೋನ್ ಮಾಡಿ ಹೇಳಿದೆ. ಜಂಟಿ ಸಭೆಗಳಲ್ಲಿ ನೋಡಿದ್ದ ಮನುಷ್ಯ, ಮಾತು ಕಡಿಮೆ, ನಮ್ಮವರು ಗಡಿ ದಾಟದಂತೆ ಕಾಯುವ ಕೆಲಸ ಅವರದೇ. ಮುಡುಕುತೊರೆ, ನಯನ, ಬೆಲ್ಟ್ ಎಂದಾಗ ನಡುವೆಯೇ ಬಾಯಿ ಹಾಕಿದರು.

"ಬೆಲ್ಟ್ ಆ ಮನೆಗೆ ಹೇಗೆ ಬಂತು?"

"ಡಾಕ್ಟ್ರೇ, ಅದನ್ನ ಆಮೇಲೆ ಬರ್ಕೊಳ್ಳಿ."

"ಸರಿ. ನಾನು ಆಸ್ಪತ್ರೆ ಗೇಟಲ್ಲೇ ಇರ್ತೀನಿ."

ನನ್ನ ಫೋನಿನಲ್ಲೂ ಆ ಗೆರೆ ಬರುತ್ತಿತ್ತು. ಅದನ್ನೇ ನೋಡುತ್ತಿದ್ದೆ. ಏಳುತ್ತಿತ್ತು, ಇಳಿಯುತ್ತಿತ್ತು, ಅಷ್ಟು ಸಾಕಾಗಿತ್ತು. ಇದ್ದಕ್ಕಿದ್ದಂತೆ ಗೆರೆಯೇ ಮಾಯವಾಯಿತು. ಉಸಿರೂ ಇಲ್ಲ, ಎದೆಬಡಿತವೂ ಇಲ್ಲ. ಡಬ್ಬಿಯನ್ನು ಮನೆಯಲ್ಲೇ ಬಿಟ್ಟು ಹೊರಟಿರಬೇಕು, ಅದಕ್ಕೇ, ಎಂದು ನನಗೆ ನಾನೇ ಹೇಳಿಕೊಂಡೆ. ಅದೇ ಕಾರಣ ಎಂದು ಯಾವ ಭರವಸೆ? ನಿಂಗರಾಜು ಫೋನ್ ಎತ್ತಲಿಲ್ಲ. ಆಟೋ ಓಡಿಸುವವನು ಎತ್ತುವುದೂ ಬೇಡ. ಆ ಖಾಲಿ ಪರದೆಯನ್ನು ಹಿಡಿದುಕೊಂಡು ನರಸೀಪುರದವರೆಗೆ ಹೋದೆ. ಎರಡೂ ಕಡೆ ಗದ್ದೆಯಲ್ಲಿ ಜನ ನಾಟಿ ಮಾಡುತ್ತಿದ್ದರು. ಅವರೆಲ್ಲ ಇಷ್ಟು ಆರಾಮಾಗಿ ಬಗ್ಗಿಕೊಂಡಿದ್ದಾರಲ್ಲ ಎಂದು ಅವರ ಮೇಲೂ ಸಿಟ್ಟು ಬಂತು.

ಆಸ್ಪತ್ರೆಯ ಗೇಟಿನಲ್ಲಿ ಹೇಮಂತ್ ಇರಲಿಲ್ಲ. ಒಳಗೆ ಓಡಿದೆ. ಕೊನೆಯ ಕೋಣೆಯ ಬಾಗಿಲ ಸಂದಿಯಿಂದ ಕಂಡದ್ದು ಅವರ ಬೆನ್ನು, ಒಬ್ಬ ನರ್ಸ್, ಆಮ್ಲಜನಕದ ನಳಿಗೆ, ಅದರ ಕೆಳಗೆ ನನ್ನ ಅಂಗೈಯಷ್ಟು ಎದೆ. ಏಳುತ್ತಿತ್ತು.

ಸ್ವಲ್ಪ ಹೊತ್ತಿನ ಮೇಲೆ ಅವರು ಹೊರಗೆ ಬಂದರು.

"ನ್ಯುಮೋನಿಯಾ. ಹಾದೀಲಿ ಇನ್ನೊಂದ್ಸಲ ನಿಲ್ಲಿಸಿತ್ತಂತೆ, ಮನೆಯವರೇ ಊದಿದ್ದಾರೆ. ಉಳ್ಕೊಳುತ್ತೆ ಅನ್ಸುತ್ತೆ." ಕನ್ನಡಕ ತೆಗೆದು ಅಂಗಿಯಲ್ಲಿ ಒರೆಸಿದರು. "ಮೂರು ದಿನದ ಹಿಂದೆ ನಾನೇ ನೋಡಿದ್ದೆ ಈ ಕೂಸನ್ನ. ಆಗ ಎದೆ ಸರಿಯಾಗೇ ಇತ್ತು. ಆ ಮನೇಲಿ ಬೆಲ್ಟ್ ಇರೋದು ನಂಗೆ ಕಾಣಿಸ್ಲೇ ಇಲ್ಲ."

"ನೀವು ಬತ್ತೀರಿ ಅಂದ್ರೆ ಅಕ್ಕಿ ಮಡಕೇಲಿ ಮುಚ್ಚಿಡ್ತಿದ್ದೆ ಸಾ."

ಹಿಂದೆ ರಾಚಮ್ಮ ನಿಂತಿದ್ದಳು. ಗಿಡ್ಡ ಹೆಂಗಸು, ಕಾಲಲ್ಲಿ ಚಪ್ಪಲಿ ಇಲ್ಲ, ಸೆರಗೆಲ್ಲ ಒದ್ದೆ. ಆಚೆ ಬೆಂಚಿನ ಮೇಲೆ ಕೋಮಲ ತಲೆಗೆ ಬಟ್ಟೆ ಸುತ್ತಿಕೊಂಡು ಕೂಸನ್ನು ಎದೆಗವಚಿ ಕೂತಿದ್ದಳು. ಬಾಣಂತಿಯನ್ನು ಒಬ್ಬಳನ್ನೇ ಮನೆಯಲ್ಲಿ ಬಿಡುವ ಹಾಗಿಲ್ಲವೆಂದು ಎಲ್ಲರೂ ಬಂದಿದ್ದರು, ನಯನ ಒಳಗೆ ತನ್ನ ಕೂಸಿನ ಹತ್ತಿರವಿದ್ದಳು.

"ಒಂದೇ ಒಟ್ಟೇಲಿ ಉಟ್ಟೋರ್ ಮಕ್ಳು ಕಣವ್ವ," ಎಂದಳು ನನಗೆ. "ಎರಡೂ ಇಲೀಮರಿಯಂಗವೆ. ಒಂದಕ್ಕೆ ಬೆಲ್ಟು ಕೊಟ್ರಿ, ಇನ್ನೊಂದಕ್ಕಿಲ್ಲ ಅಂದ್ರಿ. ನಾನು ಎತ್ತವ್ವ ಎಂಗೆ ಸುಮ್ನಿರ್ಲಿ? ಒಂದಿನ ಅವ್ಳ್ ಕೂಸ್ಗೆ, ಒಂದಿನ ಇವ್ಳ್ ಕೂಸ್ಗೆ ಕಟ್ತಿದ್ದೆ. ನೀರುಯ್ಯಾಳು ನಾನೆಯ, ಯಾರ್ಗೂ ತಿಳೀನಿಲ್ಲ."

ನನ್ನ ಕೈ ಹಿಡಿದುಕೊಂಡಳು.

"ಇವತ್ತು ಕೋಮಲನ ಕೂಸಿನ ಸರದಿ. ನೆನ್ನೆಯಿಂದ ಇದು ಕೆಮ್ತಿತ್ತು. ಬಿಚ್ಚಕ್ಕೆ ಮನ್ಸು ಬರ್ನಿಲ್ಲ, ಇವತ್ತೂ ಇದ್ಕೇ ಬುಟ್ಟೆ. ಕೋಮಲಂಗೆ ಮೋಸ ಮಾಡ್ದೆ ಅಂತ ಬೆಳಗ್ಗಿಂದ ಅವ್ಳ ಮಕ ನೋಡಕ್ಕಾಗ್ದೆ ತಿರುಗ್ತಿದ್ದೆ."

ಕೋಮಲ ಬೆಂಚಿನಿಂದಲೇ ಜೋರಾಗಿ ಅತ್ತಳು. "ಸುಮ್ನಿರವ್ವಾ ನೀನು," ಎಂದಳು.

ನನ್ನ ಫೋನ್ ಬಡಿದುಕೊಳ್ಳುತ್ತಿತ್ತು. ಪ್ರೊಫೆಸರು. ಎತ್ತಿದೆ. ಕೂಸು ಹೇಗಿದೆ ಎಂದು ಮೊದಲು ಕೇಳಿದರು, ಅದಕ್ಕೆ ಅವರಿಗೆ ನಾನು ಋಣಿ. ಆಮೇಲೆ ಹೇಳಿದರು: ಅತಿಥಿಗಳು ಬಹಳ ಮೆಚ್ಚಿದ್ದಾರೆ, ಸಹಿ ಆಗುವುದು ಖಂಡಿತ. ಆದರೆ ಹೋಲಿಕೆ ಕೆಡಬಾರದು. ಆ ಎರಡೂ ಕೂಸುಗಳನ್ನು ಅಧ್ಯಯನದಿಂದ ಬಿಡಬೇಕು. ಬೆಲ್ಟ್ ಸಂಜೆಯೊಳಗೆ ನಂಜನಗೂಡಿಗೆ ಬರಬೇಕು, ಹೇಮಂತ್ ಅವರಿಂದಲೂ ಒಪ್ಪಿಗೆ ಪಡೆಯಬೇಕು.

"ಸರ್, ನಾನು ಆಣೆ ಇಟ್ಟಿದೀನಿ."

"ಆಣೆ ಪ್ರೋಟೋಕಾಲಲ್ಲಿಲ್ಲ ನಂದಿತಾ."

ಅವರ ದನಿ ಅಷ್ಟು ಹತ್ತಿರದಲ್ಲಿದ್ದವರಿಗೆಲ್ಲ ಕೇಳಿಸಿತ್ತು. ರಾಚಮ್ಮ ಸೆರಗಿನ ಗಂಟು ಬಿಚ್ಚಿದಳು. ಬೆಲ್ಟ್ ಅದರೊಳಗಿತ್ತು. ಕೂಸಿಗೆ ನಳಿಗೆ ಹಾಕುವಾಗ ನರ್ಸ್ ಬಿಚ್ಚಿ ಕೊಟ್ಟಿದ್ದಳಂತೆ.

"ತಕ್ಕೊ ತಾಯಿ. ನೀನು ಕಿತ್ಕೊಂಡಿದ್ದಲ್ಲ, ನಾನೇ ಕೊಟ್ಟಿದ್ದು. ಆಣೆ ನಿನ್ಗೆ ತಟ್ಟಾದಿಲ್ಲ."

ನನ್ನ ಕೈಗೆ ಅದನ್ನು ಇಟ್ಟಳು. ಕೂಸಿನ ಮೈಯ ಎಣ್ಣೆವಾಸನೆ, ಸಾಂಬ್ರಾಣಿ ವಾಸನೆ. ಎರಡು ವರ್ಷ ನಾನು ಹೊಲಿದು ಬಿಚ್ಚಿ ಮತ್ತೆ ಹೊಲಿದ ಬೆಲ್ಟದು, ಅದನ್ನು ಹಿಡಿದುಕೊಳ್ಳಲು ನಾಚಿಕೆಯಾಯಿತು. ಇವರ ಮುಂದೆ ಏನು ಹೇಳಬೇಕೋ ತಿಳಿಯದೆ ಹೇಮಂತರ ಕಡೆ ನೋಡಿದೆ. ಅವರು ಗೋಡೆಗೆ ಒರಗಿ ನಿಂತಿದ್ದರು.

"ನಮ್ಮ ಕಡೆ ಎಷ್ಟು ಕೂಸು ಹೋಗಿವೆ ಗೊತ್ತಾ ಮೇಡಂ?" ಎಂದರು, ಇಂಗ್ಲಿಷಿನಲ್ಲಿ ಹೇಳಬಹುದಿತ್ತು, ಕನ್ನಡದಲ್ಲೇ ಹೇಳಿದರು. "ಮನೇಲಿ, ನಿದ್ದೇಲಿ. ಈ ವರ್ಷ ನಾಲ್ಕು. ನಿಮ್ಮ ಕಡೆ?"

"ಒಂದು."

"ಹೋಲಿಕೆ ಚೆನ್ನಾಗಿ ಬರ್ತಾ ಇದೆ ಅಂತ ನಮ್ಮ ಹೆಡ್ಡು ಖುಷಿಯಾಗಿದ್ದಾರೆ. ಇನ್ನೊಂದಿಷ್ಟು ಆದರೆ ಖಚಿತವಾಗಿ ಹೇಳಬಹುದಂತೆ."

ಇನ್ನೊಂದಿಷ್ಟು ಏನು ಆಗಬೇಕು ಎಂದು ಅವರೂ ಹೇಳಲಿಲ್ಲ, ನಾನೂ ಕೇಳಲಿಲ್ಲ. ರಾಚಮ್ಮ ಅವರ ಮುಖವನ್ನೇ ನೋಡುತ್ತಿದ್ದಳು. ಅವಳಿಗೆ ಎಷ್ಟು ಅರ್ಥವಾಯಿತೋ, ಅವರು ಮಾತ್ರ ಅವಳ ಕಣ್ಣು ತಪ್ಪಿಸಿದರು.

"ಕೊಡಿ ಇಲ್ಲಿ," ಎಂದು ಕೈ ಚಾಚಿದರು.

ವಶಪಡಿಸಿಕೊಳ್ಳುತ್ತಾರೆ ಎಂದುಕೊಂಡೆ. ಅವರ ಹಕ್ಕದು. ಕೊಟ್ಟೆ. ಅವರು ನೇರ ಬೆಂಚಿನ ಬಳಿಗೆ ಹೋಗಿ ಕೋಮಲನ ಮುಂದೆ ಮೊಣಕಾಲೂರಿದರು. ಬೆಲ್ಟನ್ನು ಹಿಂದೆಮುಂದೆ ತಿರುಗಿಸಿದರು. ಯಾವುದು ಒಳಮೈ ಯಾವುದು ಹೊರಮೈ ತಿಳಿಯಲಿಲ್ಲ. ಒಂದೇ ವಿಭಾಗ, ಒಂದೇ ಯೋಜನೆ, ಎರಡು ವರ್ಷ. ಅವರು ಈವರೆಗೆ ಒಂದು ಬೆಲ್ಟನ್ನೂ ಮುಟ್ಟಿರಲಿಲ್ಲ.

"ನೀವು ಕೂಸನ್ನ ಹಿಡ್ಕೊಳ್ಳಿ, ನಾನು ಕಟ್ತೀನಿ. ಹೇಗೆ ಅಂತ ಹೇಳಿ," ಎಂದರು.

ನಾನು ಕಟ್ಟಿ ಕಲಿತದ್ದೆಲ್ಲ ರಬ್ಬರ್ ಗೊಂಬೆಗೆ. ಮನೆಗಳಲ್ಲಿ ಕಟ್ಟುತ್ತಿದ್ದವಳು ಸಿಂಧು. ಕೋಮಲ ಕೂಸನ್ನು ನೀಡಿದಾಗ ಎಲ್ಲಿ ಹಿಡಿಯಬೇಕೋ ತಿಳಿಯದೆ ತಡವರಿಸಿದೆ. ರಾಚಮ್ಮ ಬಂದು ನನ್ನ ಬಲಗೈಯನ್ನು ಎಳೆದು ಕೂಸಿನ ಕತ್ತಿನ ಕೆಳಗಿಟ್ಟಳು. ಅದು ಇಷ್ಟು ಬಿಸಿಯಿರುತ್ತದೆ ಎಂದು ನನಗೆ ಗೊತ್ತಿರಲಿಲ್ಲ. ಹೇಮಂತ್ ಬೆಲ್ಟ್ ಸುತ್ತಿದರು. ಕಿಸೆಯಲ್ಲಿ ಫೋನ್ ಮತ್ತೆ ಬಡಿದುಕೊಂಡಿತು, ಎತ್ತಲು ನನ್ನ ಕೈ ಖಾಲಿಯಿರಲಿಲ್ಲ.

"ಇವ್ಳ್ ಕೂಸ್ಗಾಯ್ತು," ಎಂದಳು ರಾಚಮ್ಮ. "ಅದು ಮನೇಗ್ ಬಂದ್ರೆ? ಮತ್ತೆ ಸರದಿ ಮ್ಯಾಲೇನಾ?"

"ಬೇಡಮ್ಮ. ಅದಕ್ಕೂ ಕಟ್ತೀನಿ. ಮಿಕ್ಕವಕ್ಕೂ ಕಟ್ತೀನಿ," ಎಂದರು ಹೇಮಂತ್. ಹೇಳಿದ ಮೇಲೆ ನನ್ನ ಕಡೆ ನೋಡಿದರು. ಬೆಲ್ಟುಗಳೆಲ್ಲ ಇದ್ದದ್ದು ನಮ್ಮ ಕಡೆ, ನಂಜನಗೂಡಿನ ಕಪಾಟಿನಲ್ಲಿ. ಬೀಗದಕೈ ನನ್ನ ಚೀಲದಲ್ಲಿತ್ತು.

"ಎಷ್ಟು ಕೂಸಿವೆ ನಿಮ್ಮ ಹತ್ರ?" ಎಂದು ಕೇಳಿದೆ.

"ಹದಿನೆಂಟು."

"ಸಂಜೆ ಬನ್ನಿ," ಎಂದೆ. "ದೊಡ್ಡ ಚೀಲ ತನ್ನಿ."